ಚಂಡಮಾರುತದ ಒಡಲಿಗಿಳಿಯುವ ರಾಡಾರ್

ಅಟ್ಲಾಂಟಿಕ್ ಸಾಗರದಲ್ಲಿ ಹಾಗೂ ಪೆಸಿಫಿಕ್ ಸಾಗರದ ಪೂರ್ವ ಭಾಗದಲ್ಲಿ ಹುಟ್ಟುವ ಪ್ರಬಲ ಚಂಡಮಾರುತಗಳಿಗೆ ಹರಿಕೇನ್ ಎಂದು ಹೆಸರು. ಬಂಗಾಳ ಕೊಲ್ಲಿಯ ಸೈಕ್ಲೋನ್, ಜಪಾನ್ ಮತ್ತು ಫಿಲಿಪ್ಪೀನ್ಸ್ ಕಡೆಯ ಟೈಫೂನ್ ಎಲ್ಲವೂ ಒಂದೇ ವಿದ್ಯಮಾನದ ಬೇರೆ ಬೇರೆ ಹೆಸರುಗಳು. ಹರಿಕೇನ್ ಕುರಿತು ಮುನ್ಸೂಚನೆ ನೀಡುವವರ ಮುಂದೆ ಸದಾ ಎರಡು ಪ್ರಶ್ನೆಗಳಿರುತ್ತವೆ. ಅದು ಎಲ್ಲಿಗೆ ಬರುತ್ತದೆ ಎಂಬುದು ಮೊದಲನೆಯದು. ಬರುವಾಗ ಅದರ ಬಲ ಎಷ್ಟಿರುತ್ತದೆ ಎಂಬುದು ಎರಡನೆಯದು.

ಮೊದಲ ಪ್ರಶ್ನೆಗೆ ವಿಜ್ಞಾನ ಬಹುಮಟ್ಟಿಗೆ ಉತ್ತರ ಕಂಡುಕೊಂಡಿದೆ. ಮೂರು ದಿನ ಮುಂಚಿತವಾಗಿ ಹೇಳುವ ಪಥದ ಸರಾಸರಿ ದೋಷ 1990ರಲ್ಲಿ ಇದ್ದುದಕ್ಕೆ ಹೋಲಿಸಿದರೆ ಇಂದು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಿದೆ. ಎರಡನೆಯ ಪ್ರಶ್ನೆ ಮಾತ್ರ ದಶಕಗಳ ಕಾಲ ಜಗ್ಗದೆ ನಿಂತಿತ್ತು. ಉಪಗ್ರಹಗಳು ಹೆಚ್ಚಿದವು, ಕಂಪ್ಯೂಟರುಗಳ ವೇಗ ಬೆಳೆಯಿತು, ಆದರೂ ಬಲದ ಅಂದಾಜು ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ. ಈ ಬಿಕ್ಕಟ್ಟನ್ನು ಸಡಿಲಿಸಿದ ಸಾಧನಗಳಲ್ಲಿ ಮುಖ್ಯವಾದುದು ವಿಮಾನದ ಬಾಲಕ್ಕೆ ಕಟ್ಟಿದ ಒಂದು ರಾಡಾರ್.

ಪಥ ಮತ್ತು ಬಲಗಳ ನಡುವಿನ ಈ ಅಂತರಕ್ಕೆ ಕಾರಣವಿದೆ. ಹರಿಕೇನ್ ಯಾವ ದಿಕ್ಕಿಗೆ ಸಾಗುತ್ತದೆ ಎಂಬುದನ್ನು ಅದರ ಸುತ್ತ ಸಾವಿರಾರು ಕಿಲೋಮೀಟರ್ ಹರಡಿರುವ ಗಾಳಿಯ ಪ್ರವಾಹಗಳು ನಿರ್ಧರಿಸುತ್ತವೆ. ಹೊಳೆಯಲ್ಲಿ ತೇಲುವ ತೆಂಗಿನಕಾಯಿ ಎತ್ತ ಹೋಗುತ್ತದೆ ಎಂದು ತಿಳಿಯಲು ಹೊಳೆಯ ಹರಿವು ಗೊತ್ತಿದ್ದರೆ ಸಾಕು, ಕಾಯಿಯ ಒಳಗೇನಿದೆ ಎಂದು ನೋಡಬೇಕಾಗಿಲ್ಲ. ಬಲದ ವಿಷಯ ಹಾಗಲ್ಲ. ಕೇಂದ್ರದಲ್ಲಿರುವ ಶಾಂತವಾದ ‘ಕಣ್ಣು’, ಅದನ್ನು ಸುತ್ತುವರಿದ ದಟ್ಟ ಮೋಡಗಳ ‘ಗೋಡೆ’, ಅಲ್ಲಿ ಮೇಲೇರುವ ತೇವದ ಗಾಳಿ, ಕೆಳಗಿನ ಸಮುದ್ರದ ಬಿಸಿ, ಇವುಗಳ ನಡುವೆ ನಡೆಯುವ ವ್ಯವಹಾರವೇ ಬಲವನ್ನು ತೀರ್ಮಾನಿಸುತ್ತದೆ. ಈ ವ್ಯವಹಾರವೆಲ್ಲ ಕೇಂದ್ರದಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿ ನಡೆದುಹೋಗುತ್ತದೆ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಬಹುಪಾಲು ಕಾಣುವುದು ಮೋಡದ ಹೊದಿಕೆ. ಒಳಗಿನ ಗಾಳಿ ಅದರಡಿ ಮರೆಯಾಗಿರುತ್ತದೆ.

ತಪ್ಪಿದರೆ ಆಗುವುದೇನು?

2007ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಟೆಕ್ಸಾಸ್ ಕರಾವಳಿಗೆ ಹತ್ತಿರದಲ್ಲಿಯೇ ಒಂದು ವಾಯುಭಾರ ಕುಸಿತ ಉಂಟಾಯಿತು. ಒಂದು ದಿನ ತುಂಬುವುದರೊಳಗೆ ಅದು ‘ಹಂಬರ್ಟೊ’ ಎಂಬ ಹರಿಕೇನ್ ಆಗಿ ದಡಕ್ಕೆ ಅಪ್ಪಳಿಸಿತು. ಮಳೆ ಬರಬಹುದೆಂದು ಮಲಗಿದವರು ಹರಿಕೇನಿನ ನಡುವೆ ಎದ್ದರು. ಹಂಬರ್ಟೊ ದೊಡ್ಡ ಚಂಡಮಾರುತವೇನಲ್ಲವಾದ್ದರಿಂದ ಹಾನಿ ಸೀಮಿತವಾಯಿತು.

2023ರ ಅಕ್ಟೋಬರ್ 25ರಂದು ಮೆಕ್ಸಿಕೊದ ಅಕಾಪುಲ್ಕೊ ನಗರಕ್ಕೆ ಅಂತಹ ಅದೃಷ್ಟವಿರಲಿಲ್ಲ. ಅಲ್ಲಿಗೆ ನಡುರಾತ್ರಿ ಬಂದೆರಗಿದ ‘ಓಟಿಸ್’ ಐದನೇ ವರ್ಗದ, ಅಂದರೆ ಗಂಟೆಗೆ 252 ಕಿಲೋಮೀಟರಿಗೂ ಹೆಚ್ಚು ವೇಗದ ಗಾಳಿ ಹೊತ್ತ ಹರಿಕೇನ್. ಹಿಂದಿನ ದಿನ ನಸುಕಿನಲ್ಲಿ ಅದು ಹರಿಕೇನ್ ಎನಿಸಿಕೊಳ್ಳುವ ಮಟ್ಟವನ್ನೂ ಮುಟ್ಟಿರಲಿಲ್ಲ. ಮೆಕ್ಸಿಕೊದ ಪೆಸಿಫಿಕ್ ದಡಕ್ಕೆ ಆ ವರ್ಗದ ಹರಿಕೇನ್ ಅಪ್ಪಳಿಸಿದ್ದು ದಾಖಲೆಗಳಲ್ಲಿ ಅದೇ ಮೊದಲು. ಪ್ರಮುಖ ಕಂಪ್ಯೂಟರ್ ಮಾದರಿಗಳಲ್ಲಿ ಯಾವುದೂ ಈ ಜಿಗಿತವನ್ನು ಮುಂಗಂಡಿರಲಿಲ್ಲ. ಐವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಅತಿಯಾದ ಎಚ್ಚರಿಕೆಗೂ ಬೆಲೆ ತೆರಬೇಕಾಗುತ್ತದೆ. 2005ರ ಸೆಪ್ಟೆಂಬರಿನಲ್ಲಿ ‘ರೀಟಾ’ ಬರುತ್ತಿದೆ ಎಂಬ ಸುದ್ದಿಗೆ, ಕತ್ರಿನಾದ ನೆನಪು ಇನ್ನೂ ಹಸಿಯಾಗಿದ್ದ ಹ್ಯೂಸ್ಟನ್ ಸುತ್ತಮುತ್ತಲ ಪ್ರದೇಶದಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಏಕಕಾಲಕ್ಕೆ ಹೊರಟರು. ಹೆದ್ದಾರಿಗಳು ಕಟ್ಟಿಕೊಂಡವು. ಬಿಸಿಲಿನ ಬೇಗೆಗೆ, ಅಪಘಾತಗಳಿಗೆ ಹತ್ತಾರು ಮಂದಿ ಬಲಿಯಾದರು. ವೃದ್ಧಾಶ್ರಮದವರನ್ನು ಸಾಗಿಸುತ್ತಿದ್ದ ಬಸ್ಸೊಂದಕ್ಕೆ ಡಾಲಸ್ ಬಳಿ ಬೆಂಕಿ ಹತ್ತಿ 23 ಮಂದಿ ಸುಟ್ಟು ಸತ್ತರು. ರೀಟಾ ಕಡೆಗೆ ಹ್ಯೂಸ್ಟನ್ ನಗರವನ್ನು ಬಿಟ್ಟು ಪೂರ್ವಕ್ಕೆ ಸರಿದು, ಮೊದಲಿಗಿಂತ ಕುಂದಿದ ಬಲದೊಂದಿಗೆ ದಡ ಸೇರಿತು.

ಹುಸಿ ಸುಳಿಯಿಂದ ಆರಂಭ

ಕಂಪ್ಯೂಟರ್ ಮಾದರಿ ಎಂದರೆ ವಾತಾವರಣದ ಚಲನೆಯನ್ನು ವಿವರಿಸುವ ಸಮೀಕರಣಗಳ ಸಮೂಹ. ಈ ಕ್ಷಣದ ಗಾಳಿ, ಉಷ್ಣತೆ, ಒತ್ತಡ ಹಾಗೂ ತೇವಾಂಶಗಳನ್ನು ಅದಕ್ಕೆ ಕೊಟ್ಟರೆ ಮುಂದಿನ ಕ್ಷಣದ ಸ್ಥಿತಿಯನ್ನು ಲೆಕ್ಕ ಹಾಕಿ ಕೊಡುತ್ತದೆ. ಅದನ್ನೇ ಆಧಾರವಾಗಿಟ್ಟುಕೊಂಡು ಅದರ ಮುಂದಿನ ಕ್ಷಣವನ್ನು. ಹೀಗೆ ಐದು ದಿನದವರೆಗೆ. ಆದ್ದರಿಂದ ಆರಂಭದ ಲೆಕ್ಕವೇ ತಪ್ಪಿದ್ದರೆ ಕೊನೆಯ ಉತ್ತರದ ಗತಿ ಏನೆಂದು ಬೇರೆ ಹೇಳಬೇಕಾಗಿಲ್ಲ.

ನಡುಸಮುದ್ರದಲ್ಲಿರುವ ಹರಿಕೇನಿನ ಒಳಭಾಗದ ಅಳತೆಗಳು ಮಾದರಿಗೆ ಸಿಗುತ್ತಿರಲಿಲ್ಲ. ಅದಕ್ಕಾಗಿ ತಜ್ಞರು ಒಂದು ಉಪಾಯ ಹೂಡಿದ್ದರು. ಚಂಡಮಾರುತದ ಸ್ಥಾನ, ಗರಿಷ್ಠ ಗಾಳಿಯ ವೇಗ ಮತ್ತು ಅಂದಾಜು ಗಾತ್ರ ಇಷ್ಟನ್ನೇ ತೆಗೆದುಕೊಂಡು, ಕಾಗದದ ಮೇಲೆ ಬರೆದಂತಹ ಒಂದು ನಯವಾದ ದುಂಡು ಸುಳಿಯನ್ನು ಮಾದರಿಯೊಳಗೆ ಕೂರಿಸುವುದು. ಹವಾಮಾನ ತಜ್ಞರೇ ಇದನ್ನು ‘ಹುಸಿ ಸುಳಿ’ ಎಂದು ಕರೆದರು. ನಿಜವಾದ ಚಂಡಮಾರುತ ಅಷ್ಟು ದುಂಡಗಿರುವುದಿಲ್ಲ. ಒಂದು ಮಗ್ಗುಲಲ್ಲಿ ಮಳೆ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಎಷ್ಟೋ ಸಲ ಅದರ ಅಕ್ಷವೇ ವಾಲಿರುತ್ತದೆ. ತೀವ್ರಗೊಳ್ಳುವುದೋ ಸೊರಗುವುದೋ ಎಂಬ ಗುಟ್ಟು ಇರುವುದೇ ಈ ಓರೆಕೋರೆಗಳಲ್ಲಿ. ಹುಸಿ ಸುಳಿ ಅವುಗಳನ್ನೆಲ್ಲ ಒರೆಸಿಹಾಕುತ್ತಿತ್ತು.

ಗಾಳಿಯೊಳಗೆ ಹಾರಿದವರು

ಹರಿಕೇನಿನ ಒಳಗೆ ವಿಮಾನ ನುಗ್ಗಿಸುವ ಸಾಹಸ ಹೊಸತಲ್ಲ. 1943ರ ಜುಲೈ 27ರಂದು ಅಮೆರಿಕದ ಸೇನಾ ವೈಮಾನಿಕ ಜೋಸೆಫ್ ಡಕ್‌ವರ್ತ್ ಒಂದೇ ಎಂಜಿನ್ನಿನ ತರಬೇತಿ ವಿಮಾನದಲ್ಲಿ ಟೆಕ್ಸಾಸಿನ ಗ್ಯಾಲ್ವೆಸ್ಟನ್ ಬಳಿ ಹರಿಕೇನಿನ ಕಣ್ಣಿನವರೆಗೆ ಹೋಗಿ ಮರಳಿದರು. ಅಂದಿನಿಂದ ಈ ಹಾರಾಟಗಳು ಕ್ರಮಬದ್ಧವಾಗಿ ಬೆಳೆದವು. ಇಂದು ಅಮೆರಿಕದ ವಾಯುಸೇನೆಯ ಮೀಸಲು ದಳ ಮಿಸಿಸಿಪ್ಪಿ ರಾಜ್ಯದಲ್ಲಿ ಹತ್ತು ವಿಮಾನಗಳನ್ನು ಇದಕ್ಕೆಂದೇ ಇಟ್ಟಿದೆ. ಅವು ಚಂಡಮಾರುತದ ಕೇಂದ್ರ ಎಲ್ಲಿದೆ, ಒತ್ತಡ ಎಷ್ಟಿದೆ ಎಂಬುದನ್ನು ಅಳೆದು ತರುತ್ತವೆ. ಆದರೆ ಅವುಗಳ ಬಾಲದಲ್ಲಿ ಡಾಪ್ಲರ್ ರಾಡಾರ್ ಇಲ್ಲ.

ಆ ರಾಡಾರ್ ಇರುವುದು ಅಮೆರಿಕದ ರಾಷ್ಟ್ರೀಯ ಸಾಗರ ಮತ್ತು ವಾತಾವರಣ ಆಡಳಿತ ಸಂಸ್ಥೆಯ (ನೋವಾ) ವಿಮಾನಗಳಲ್ಲಿ. ನಾಲ್ಕು ಎಂಜಿನ್ನುಗಳ ‘ಓರಿಯನ್’ ಜಾತಿಯ ಎರಡು ವಿಮಾನಗಳು 1970ರ ದಶಕದ ನಡುಭಾಗದಲ್ಲಿ ನೋವಾ ಸೇರಿದವು. ಮಕ್ಕಳ ಕಾರ್ಯಕ್ರಮದ ಬೊಂಬೆಗಳ ಹೆಸರನ್ನೇ ಇಟ್ಟು ಒಂದನ್ನು ‘ಕರ್ಮಿಟ್’ ಎಂದೂ ಇನ್ನೊಂದನ್ನು ‘ಮಿಸ್ ಪಿಗ್ಗಿ’ ಎಂದೂ ಕರೆಯುತ್ತಾರೆ. ಇವುಗಳಿಗಿಂತ ಬಹಳ ಎತ್ತರದಲ್ಲಿ, ಚಂಡಮಾರುತದ ಮೇಲೂ ಸುತ್ತಲೂ ಹಾರುವ ಗಲ್ಫ್‌ಸ್ಟ್ರೀಮ್ ಜೆಟ್ ವಿಮಾನವೊಂದು ಮೂರನೆಯದು. ಅದಕ್ಕೂ ಬಾಲದ ರಾಡಾರನ್ನು ಅಳವಡಿಸಲಾಗಿದೆ.

ಓರಿಯನ್ ಸಾಮಾನ್ಯವಾಗಿ ಸುಮಾರು ಮೂರು ಕಿಲೋಮೀಟರ್ ಎತ್ತರದಲ್ಲಿ, 4ರ ಅಂಕಿಯನ್ನು ಬರೆದಂತಹ ಪಥದಲ್ಲಿ ಹಾರುತ್ತ, ಕಣ್ಣಿನ ಗೋಡೆಯನ್ನು ಮತ್ತೆ ಮತ್ತೆ ದಾಟುತ್ತದೆ. ಒಂದು ಹಾರಾಟ ಎಂಟು ಗಂಟೆ ಅಥವಾ ಅದಕ್ಕೂ ಹೆಚ್ಚು. ಅಪಾಯವಿಲ್ಲವೆಂದಲ್ಲ. 1989ರ ಸೆಪ್ಟೆಂಬರ್ 15ರಂದು ‘ಹ್ಯೂಗೋ’ ಹರಿಕೇನಿನೊಳಗೆ ಈ ವಿಮಾನಗಳಲ್ಲಿ ಒಂದು ಸುಮಾರು 450 ಮೀಟರ್ ಎತ್ತರದಲ್ಲಿ ನುಗ್ಗಿತು. ಚಂಡಮಾರುತ ಅಂದಾಜಿಗಿಂತ ಬಲವಾಗಿತ್ತು. ಒಂದು ಎಂಜಿನ್ನಿಗೆ ಬೆಂಕಿ ಹತ್ತಿತು, ವಿಮಾನ ಸಮುದ್ರದತ್ತ ಕುಸಿಯಿತು. ಚಾಲಕರು ಕೊನೆಗಳಿಗೆಯಲ್ಲಿ ಹಿಡಿತಕ್ಕೆ ತಂದುಕೊಂಡು ಕಣ್ಣಿನೊಳಗೆ ಸುತ್ತುಹೊಡೆಯುತ್ತ ಮೇಲೇರಿ ಪಾರಾದರು. ವಿಮಾನದಲ್ಲಿ 16 ಮಂದಿಯಿದ್ದರು. ಹರಿಕೇನಿನ ಬಲವನ್ನು ಹೊರಗಿನಿಂದ ಊಹಿಸುವುದು ಎಷ್ಟು ಮೋಸದ ಕೆಲಸವೆಂಬುದನ್ನು ಅವರಷ್ಟು ಹತ್ತಿರದಿಂದ ಅರಿತವರು ಕಡಿಮೆ.

ಬಾಲದ ರಾಡಾರ್ ನೋಡುವ ಬಗೆ

ರೈಲು ಹತ್ತಿರ ಬರುವಾಗ ಅದರ ಸೀಟಿಯ ಸ್ವರ ಏರಿದಂತೆಯೂ ದೂರ ಸರಿಯುವಾಗ ಇಳಿದಂತೆಯೂ ಕೇಳಿಸುತ್ತದೆ. ಡಾಪ್ಲರ್ ರಾಡಾರಿನ ತತ್ತ್ವವೂ ಇದೇ. ಅದು ಕಳುಹಿಸಿದ ರೇಡಿಯೊ ಅಲೆ ಮಳೆಹನಿಗಳಿಗೆ ತಾಗಿ ಮರಳುತ್ತದೆ. ಮರಳಿದ ಅಲೆಯ ಆವರ್ತನದಲ್ಲಿ ಆದ ವ್ಯತ್ಯಾಸದಿಂದ ಹನಿಗಳು ಎಷ್ಟು ವೇಗದಲ್ಲಿ ಹತ್ತಿರ ಬರುತ್ತಿವೆ ಅಥವಾ ದೂರ ಹೋಗುತ್ತಿವೆ ಎಂದು ತಿಳಿಯುತ್ತದೆ. ಹನಿಗಳನ್ನು ಹೊತ್ತೊಯ್ಯುವುದು ಗಾಳಿಯಾದ್ದರಿಂದ ಗಾಳಿಯ ವೇಗ ತಿಳಿದಂತೆಯೇ.

ತೊಡಕೊಂದಿದೆ. ರಾಡಾರಿಗೆ ತನ್ನತ್ತ ಬರುವ ಅಥವಾ ತನ್ನಿಂದ ಸರಿಯುವ ಚಲನೆ ಮಾತ್ರ ಗೊತ್ತಾಗುತ್ತದೆ, ಅಡ್ಡಲಾಗಿ ಬೀಸುವ ಗಾಳಿ ಅದಕ್ಕೆ ಕಾಣದು. ನೆಲದ ಮೇಲೆ ಎರಡು ರಾಡಾರುಗಳನ್ನು ದೂರದೂರದಲ್ಲಿ ನಿಲ್ಲಿಸಿ ಈ ಕೊರತೆ ನೀಗಿಸಬಹುದು, ಸಮುದ್ರದ ನಡುವೆ ಅದು ಆಗದ ಮಾತು. ವಿಮಾನದ ರಾಡಾರ್ ತನ್ನ ಓಟದಿಂದಲೇ ಪರಿಹಾರ ಕಂಡುಕೊಳ್ಳುತ್ತದೆ. ಬಾಲದಲ್ಲಿರುವ ಆಂಟೆನಾ ವಿಮಾನದ ಅಕ್ಷದ ಸುತ್ತ ತಿರುಗುತ್ತ, ತನ್ನ ಕಿರಣವನ್ನು ಒಮ್ಮೆ ಸುಮಾರು 20 ಡಿಗ್ರಿ ಮುಂದಕ್ಕೆ, ಮತ್ತೊಮ್ಮೆ ಅಷ್ಟೇ ಹಿಂದಕ್ಕೆ ಓರೆಯಾಗಿ ಬೀರುತ್ತದೆ. ಮುಂಗಿರಣ ನೋಡಿದ ಮೋಡವನ್ನೇ, ವಿಮಾನ ಒಂದಿಷ್ಟು ಮುಂದೆ ಸಾಗಿದ ಬಳಿಕ ಹಿಂಗಿರಣ ಬೇರೊಂದು ಕೋನದಿಂದ ನೋಡುತ್ತದೆ. ಎರಡು ನೋಟಗಳು ಸೇರಿದಾಗ ಗಾಳಿಯ ನಿಜವಾದ ದಿಕ್ಕೂ ವೇಗವೂ ಬಿಡಿಸಿಕೊಳ್ಳುತ್ತವೆ. ಸಮುದ್ರಮಟ್ಟದ ಸಮೀಪದಿಂದ ಹಿಡಿದು ಮೋಡದ ನೆತ್ತಿಯವರೆಗೆ, ಪದರ ಪದರವಾಗಿ. 1982ರಲ್ಲಿ ‘ಡೆಬಿ’ ಹರಿಕೇನಿನೊಳಗೆ ಈ ಬಗೆಯ ಅಳತೆ ಮೊದಲು ನಡೆಯಿತು.

ಮಳೆಯಿಲ್ಲದ ಕಡೆ ಈ ರಾಡಾರ್ ಕುರುಡು. ಕಣ್ಣಿನೊಳಗೆ ಮಳೆ ಇರುವುದಿಲ್ಲ. ಅಲೆಯ ಉದ್ದ ಸುಮಾರು ಮೂರು ಸೆಂಟಿಮೀಟರ್ ಆಗಿರುವುದರಿಂದ ಅತಿ ದಟ್ಟ ಮಳೆಯಲ್ಲಿ ಸಂಕೇತ ಸೊರಗುವುದೂ ಉಂಟು. ಹೀಗಾಗಿ ಪ್ಯಾರಾಚೂಟ್ ಕಟ್ಟಿ ಕೆಳಗೆ ಬಿಡುವ ಡ್ರಾಪ್‌ಸಾಂಡ್ ಎಂಬ ಕೊಳವೆಯಾಕಾರದ ಉಪಕರಣವೂ, ಸಮುದ್ರದ ನೊರೆಯನ್ನು ಗಮನಿಸಿ ಮೇಲ್ಮೈ ಗಾಳಿಯನ್ನು ಅಂದಾಜಿಸುವ ಇನ್ನೊಂದು ಉಪಕರಣವೂ ಜೊತೆಗಿರುತ್ತವೆ.

ಒಂದೇ ಕೂಸಿಗೆ ಅರವತ್ತು ಜಾತಕ

1982ರಿಂದಲೂ ಇಂತಹ ಅಳತೆಗಳು ಸಿಗುತ್ತಿದ್ದರೂ ಕಾಲು ಶತಮಾನ ಅವು ಹೆಚ್ಚಾಗಿ ಸಂಶೋಧಕರ ಅಧ್ಯಯನಕ್ಕೆ ಸೀಮಿತವಾಗಿದ್ದವು. ಹರಿಕೇನ್ ದಡ ಸೇರಿ ಕರಗಿದ ತಿಂಗಳುಗಳ ಬಳಿಕ ಅದರ ಒಳಗಾಳಿಯ ಚಿತ್ರ ಸಿದ್ಧವಾಗುತ್ತಿತ್ತು. ಮುನ್ಸೂಚನೆಗೆ ಬೇಕಿದ್ದುದು ಅದೇ ದಿನ, ಅದೇ ಗಂಟೆಯಲ್ಲಿ. ಅಡ್ಡಿಗಳು ಮೂರು. ವಿಮಾನದಿಂದ ಉಪಗ್ರಹದ ಮೂಲಕ ನೆಲಕ್ಕೆ ಮಾಹಿತಿ ಕಳುಹಿಸುವ ಸಂಪರ್ಕ ತೀರ ಕಿರಿದಾಗಿತ್ತು. ಲಕ್ಷಾಂತರ ಅಳತೆಗಳಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಆರಿಸಲು ಮನುಷ್ಯರೇ ಕೂರಬೇಕಿತ್ತು. ಆರಿಸಿಕೊಟ್ಟರೂ ಅದನ್ನು ಮಾದರಿಯೊಳಗೆ ಬೆರೆಸುವ ನಂಬಲರ್ಹ ವಿಧಾನವಿರಲಿಲ್ಲ.

ಆರಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ತಂತ್ರವನ್ನು ನೋವಾದ ಹರಿಕೇನ್ ಸಂಶೋಧನಾ ವಿಭಾಗದ ಜಾನ್ ಗಮಾಶ್ ರೂಪಿಸಿದರು. ಮೂರನೆಯ ಅಡ್ಡಿಯನ್ನು ದಾಟಿಸಿದವರಲ್ಲಿ ಮೊದಲು ಹೇಳಬೇಕಾದ ಹೆಸರು ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ವಿಜ್ಞಾನಿ ಫೂಚಿಂಗ್ ಜಾಂಗ್ ಅವರದು. ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದಲ್ಲಿಯೂ ಅನಂತರ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿಯೂ ಪ್ರಾಧ್ಯಾಪಕರಾಗಿದ್ದ ಅವರು ಆಶ್ರಯಿಸಿದ ವಿಧಾನದ ಹೆಸರು ‘ಎನ್ಸೆಂಬಲ್ ಕಾಲ್ಮನ್ ಫಿಲ್ಟರ್’.

ಹೆಸರು ಭಾರವಾಗಿದ್ದರೂ ತಿರುಳು ಸರಳ. ಹುಟ್ಟಿದ ಗಳಿಗೆಯನ್ನು ತುಸು ತುಸುವೇ ಬದಲಿಸಿ ಒಂದೇ ಕೂಸಿಗೆ ಅರವತ್ತು ಜಾತಕ ಬರೆಸಿದಂತೆ, ಆರಂಭದ ಸ್ಥಿತಿಯನ್ನು ಕಿಂಚಿತ್ ಬದಲಿಸಿ ಅದೇ ಚಂಡಮಾರುತದ ಹಲವು ಮುನ್ಸೂಚನೆಗಳನ್ನು ಏಕಕಾಲಕ್ಕೆ ಓಡಿಸಲಾಗುತ್ತದೆ. ಅರವತ್ತರಲ್ಲಿಯೂ ಈಶಾನ್ಯ ಭಾಗದ ಗಾಳಿ ಬಲವಾಗಿದ್ದಾಗಲೆಲ್ಲ ಕೇಂದ್ರದ ಒತ್ತಡ ಕುಸಿದಿರುವುದು ಕಂಡುಬಂದರೆ, ಈ ಎರಡಕ್ಕೂ ನಂಟಿದೆ ಎಂದಾಯಿತು. ಆಗ ರಾಡಾರ್ ಈಶಾನ್ಯದ ಗಾಳಿಯನ್ನು ಮಾತ್ರ ಅಳೆದು ಕೊಟ್ಟರೂ, ಅಳೆಯದೆ ಉಳಿದ ಒತ್ತಡ, ಉಷ್ಣತೆ ಹಾಗೂ ತೇವಾಂಶಗಳನ್ನು ಆ ನಂಟಿನ ಆಧಾರದ ಮೇಲೆ ತಿದ್ದಿಕೊಳ್ಳಬಹುದು. ಜಾತಕಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಇಲ್ಲಿ ಗಂಟೆ ಗಂಟೆಗೂ ಸಿಗುವ ಹೊಸ ಅಳತೆಗೆ ಹೊಂದದ್ದನ್ನು ತಿದ್ದಲಾಗುತ್ತದೆ. ಎರಡು ನೋಟಗಳನ್ನು ಸೇರಿಸಿ ಗಾಳಿಯನ್ನು ಬಿಡಿಸುವ ಗೋಜೂ ಈ ವಿಧಾನಕ್ಕೆ ಬೇಕಿಲ್ಲ. ವಿಮಾನ ಇದ್ದ ಜಾಗದಿಂದ ನೋಡಿದ್ದರೆ ತನ್ನ ಚಂಡಮಾರುತ ರಾಡಾರಿಗೆ ಹೇಗೆ ಕಾಣುತ್ತಿತ್ತು ಎಂದು ಮಾದರಿಯೇ ಲೆಕ್ಕ ಹಾಕಿ, ನಿಜವಾಗಿ ಕಂಡದ್ದರೊಡನೆ ಹೋಲಿಸಿಕೊಳ್ಳುತ್ತದೆ. ಇನ್ನು ಕಿರಿದಾದ ಸಂಪರ್ಕದ ಸಮಸ್ಯೆಗೆ, ಅಕ್ಕಪಕ್ಕದ ನೂರಾರು ಅಳತೆಗಳನ್ನು ಒಂದಾಗಿ ಅರೆದು, ಗಾತ್ರ ಇಳಿಸಿ ಕಳುಹಿಸುವ ಮಾರ್ಗ ಕಂಡುಕೊಳ್ಳಲಾಯಿತು.

ಜಾಂಗ್ ತಂಡ ಮೊದಲು ಹಂಬರ್ಟೊ ಹರಿಕೇನನ್ನು ಕೈಗೆತ್ತಿಕೊಂಡಿತು. ಕರಾವಳಿಯ ನೆಲದ ರಾಡಾರುಗಳ ದತ್ತಾಂಶವನ್ನು ಮಾದರಿಗೆ ಉಣಿಸಿದಾಗ, ಅಂದು ಯಾರೂ ಕಾಣದಿದ್ದ ಆ ಹಠಾತ್ ಬೆಳವಣಿಗೆ ಕಂಪ್ಯೂಟರಿನಲ್ಲಿ ಮೂಡಿತು. ಘಟನೆ ಮುಗಿದ ಮೇಲೆ ಜಾಣರಾಗುವುದು ಸುಲಭ ಎನ್ನಬಹುದು. ಮುಂದಿನ ವರ್ಷವೇ ನಿಜವಾದ ಪರೀಕ್ಷೆ ಎದುರಾಯಿತು. 2008ರ ಸೆಪ್ಟೆಂಬರಿನಲ್ಲಿ ‘ಐಕ್’ ಹರಿಕೇನ್ ಗ್ಯಾಲ್ವೆಸ್ಟನ್ ಕಡೆಗೆ ಸಾಗುತ್ತಿದ್ದಾಗ, ಓರಿಯನ್ ಕಳುಹಿಸಿದ ರಾಡಾರ್ ಅಳತೆಗಳನ್ನು ಆಸ್ಟಿನ್ ನಗರದ ಟೆಕ್ಸಾಸ್ ಉನ್ನತ ಗಣಕ ಕೇಂದ್ರದ ‘ರೇಂಜರ್’ ಸೂಪರ್ ಕಂಪ್ಯೂಟರಿಗೆ ನೇರವಾಗಿ ಉಣಿಸಿ, ಹರಿಕೇನ್ ಇನ್ನೂ ಸಮುದ್ರದಲ್ಲಿರುವಾಗಲೇ ಮುನ್ಸೂಚನೆ ತೆಗೆಯಲಾಯಿತು. ರೇಂಜರಿನಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಸಂಸ್ಕಾರಕ ಘಟಕಗಳಿದ್ದವು. ಅರವತ್ತು ಜಾತಕ ಬರೆಯಲು ಅಷ್ಟು ಕೈಗಳು ಬೇಕು.

2008ರಿಂದ 2010ರವರೆಗಿನ ಇಂತಹ 61 ಹಾರಾಟಗಳ ಫಲಿತಾಂಶವನ್ನು ತಂಡ 2011ರಲ್ಲಿ ಪ್ರಕಟಿಸಿತು. ಎರಡರಿಂದ ನಾಲ್ಕು ದಿನಗಳ ಮುಂಚಿನ ಬಲದ ಅಂದಾಜಿನಲ್ಲಿ ಸರಾಸರಿ ದೋಷ, ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರದ ಅಧಿಕೃತ ಮುನ್ಸೂಚನೆಗಿಂತ ಶೇ. 20ರಿಂದ 40ರಷ್ಟು ಕಡಿಮೆಯಿತ್ತು. ದಶಕಗಳ ಕಾಲ ಅಲುಗಾಡದ ಸಂಖ್ಯೆ ಅಲುಗಾಡಿತ್ತು. ಜಾಂಗ್ ಅವರು 2019ರ ಜುಲೈನಲ್ಲಿ, ಐವತ್ತು ತುಂಬುವ ಮೊದಲೇ ನಿಧನರಾದರು.

ಪ್ರಯೋಗದಿಂದ ಬಳಕೆಗೆ

ವಿಶ್ವವಿದ್ಯಾಲಯದ ಪ್ರಯೋಗ ಸರ್ಕಾರಿ ವ್ಯವಸ್ಥೆಯ ದಿನನಿತ್ಯದ ಕೆಲಸವಾಗುವುದು ಎಲ್ಲ ದೇಶಗಳಲ್ಲಿಯೂ ನಿಧಾನದ ಮಾತು. ಇಲ್ಲಿ ಅದು ತಕ್ಕಮಟ್ಟಿಗೆ ಬೇಗನೆ ಆಯಿತು. 2004 ಮತ್ತು 2005ರ ಭೀಕರ ಋತುಗಳ ಅನುಭವದಿಂದ ಎಚ್ಚೆತ್ತ ನೋವಾ, ಪಥ ಹಾಗೂ ಬಲ ಎರಡರ ದೋಷವನ್ನೂ ಹತ್ತು ವರ್ಷಗಳಲ್ಲಿ ಅರ್ಧಕ್ಕಿಳಿಸುವ ಗುರಿಯೊಂದಿಗೆ 2009ರಲ್ಲಿ ವಿಶೇಷ ಯೋಜನೆಯನ್ನು ಆರಂಭಿಸಿತ್ತು. ನೋವಾದ ‘ಎಚ್‌ಡಬ್ಲ್ಯುಆರ್‌ಎಫ್’ ಎಂಬ ಹರಿಕೇನ್ ಮಾದರಿ 2007ರಿಂದ ಬಳಕೆಯಲ್ಲಿತ್ತು. ಅದನ್ನು ಬೆಳೆಸಿದವರ ಮುಂಚೂಣಿಯಲ್ಲಿ ಭಾರತೀಯ ಮೂಲದ ವಿಜಯ್ ತಲ್ಲಾಪ್ರಗಡ ಮತ್ತು ಸುಂದರರಾಮನ್ ಗೋಪಾಲಕೃಷ್ಣನ್ ಅವರಿದ್ದರು. 2012ರಲ್ಲಿ ಈ ಮಾದರಿ ಚಂಡಮಾರುತದ ಒಳಭಾಗವನ್ನು ಮೂರು ಕಿಲೋಮೀಟರ್ ಅಂತರದ ಚೌಕಗಳಲ್ಲಿ ಲೆಕ್ಕ ಹಾಕುವಷ್ಟು ಸೂಕ್ಷ್ಮವಾಯಿತು. 2013ರಿಂದ ಬಾಲದ ರಾಡಾರಿನ ಅಳತೆಗಳು ಅದಕ್ಕೆ ನೇರವಾಗಿ ಸೇರತೊಡಗಿದವು. ಅದರ ಉತ್ತರಾಧಿಕಾರಿಯಾಗಿ ‘ಎಚ್‌ಎಎಫ್‌ಎಸ್’ ಎಂಬ ಹೊಸ ಮಾದರಿ 2023ರ ಜೂನ್‌ನಲ್ಲಿ ಕಾರ್ಯಾರಂಭ ಮಾಡಿತು.

ಎಲ್ಲವೂ ಸಲೀಸಾಗಿ ನಡೆಯಿತು ಎಂದು ಭಾವಿಸಬೇಕಾಗಿಲ್ಲ. ಬಲಹೀನ, ಅಸ್ತವ್ಯಸ್ತ ಚಂಡಮಾರುತಗಳಲ್ಲಿ ರಾಡಾರ್ ಅಳತೆಗಳಿಂದ ಒಳ್ಳೆಯ ಪ್ರಯೋಜನ ಕಂಡರೆ, ಅತಿ ಪ್ರಬಲವಾದವುಗಳಲ್ಲಿ ವಿಚಿತ್ರ ತೊಂದರೆ ತಲೆದೋರಿತು. ನಿಜವಾದ ತೀಕ್ಷ್ಣ ಗಾಳಿಯನ್ನು ತುಂಬಿದೊಡನೆ, ಉಳಿದ ಭಾಗಗಳು ಅದಕ್ಕೆ ಹೊಂದಿಕೊಳ್ಳದೆ, ಮಾದರಿಯೊಳಗಿನ ಸುಳಿ ಮೊದಲ ಕೆಲವು ಗಂಟೆಗಳಲ್ಲಿಯೇ ಸೊರಗಿಬಿಡುತ್ತಿತ್ತು. ಹಳೆಯ ಯಂತ್ರಕ್ಕೆ ಹೊಸ ಬಿಡಿಭಾಗ ಕೂರಿಸಿದಾಗ ಆಗುವಂತೆ. ದತ್ತಾಂಶ ಉತ್ತಮಗೊಂಡರೆ ಸಾಲದು, ಮಾದರಿಯ ಭೌತಶಾಸ್ತ್ರವೂ ಅದಕ್ಕೆ ತಕ್ಕಂತೆ ಪಕ್ವವಾಗಬೇಕು ಎಂಬುದನ್ನು ಕಲಿಯಲು ಕೆಲವು ಋತುಗಳೇ ಬೇಕಾದವು. 2024ರ ಅಕ್ಟೋಬರಿನಲ್ಲಿ ‘ಮಿಲ್ಟನ್’ ಮೆಕ್ಸಿಕೊ ಕೊಲ್ಲಿಯಲ್ಲಿ ಒಂದೇ ದಿನದಲ್ಲಿ ಐದನೇ ವರ್ಗಕ್ಕೆ ಜಿಗಿದಾಗ, ಅದು ಶೀಘ್ರವಾಗಿ ತೀವ್ರಗೊಳ್ಳುತ್ತದೆಂಬ ಎಚ್ಚರಿಕೆ ಮೊದಲೇ ಹೊರಬಿದ್ದಿತ್ತು. ಅದು ಮುಟ್ಟಿದ ಗರಿಷ್ಠ ಬಲ ಮಾತ್ರ ಅಂದಾಜನ್ನು ಮೀರಿತ್ತು.

ವಿಮಾನ ಹಾರದ ಸಮುದ್ರಗಳು

ಈ ವಿದ್ಯೆಯ ದೊಡ್ಡ ಮಿತಿ ಇರುವುದು ಗಣಿತದಲ್ಲಲ್ಲ, ವಿಮಾನಗಳ ಸಂಖ್ಯೆಯಲ್ಲಿ. ಬಾಲದ ರಾಡಾರ್ ಹೊತ್ತು ಹಾರುವ ನೋವಾದ ವಿಮಾನಗಳನ್ನು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚು. ಅಮೆರಿಕದ ದಡಕ್ಕೆ ಬೆದರಿಕೆಯೊಡ್ಡುವ ಹರಿಕೇನುಗಳಿಗೆ ಸಹಜವಾಗಿಯೇ ಮೊದಲ ಆದ್ಯತೆ. ಓಟಿಸ್ ಬೆಳೆಯುತ್ತಿದ್ದಾಗ ಅದರೊಳಗೆ ಹೋದದ್ದು ವಾಯುಸೇನೆಯ ಒಂದೇ ಒಂದು ವಿಮಾನ, ಅದೂ ಅಕಾಪುಲ್ಕೊಗೆ ಅಪ್ಪಳಿಸುವ ಹಿಂದಿನ ಮಧ್ಯಾಹ್ನ. ಆಗಲೇ ಅದರ ನಿಜವಾದ ಬಲ ಜಗತ್ತಿಗೆ ತಿಳಿದದ್ದು. ಓರಿಯನ್ ಹೋಗಿದ್ದರೆ ಮುನ್ಸೂಚನೆ ಸರಿಯಾಗುತ್ತಿತ್ತು ಎಂದು ಖಚಿತವಾಗಿ ಹೇಳಲಾಗದು. ಆದರೆ ಮಾದರಿಗಳು ಒಳಗಿನ ಅಳತೆಯಿಲ್ಲದೆಯೇ ಲೆಕ್ಕ ಹಾಕುತ್ತಿದ್ದವು ಎಂಬುದು ನಿಜ.

ಪಶ್ಚಿಮ ಪೆಸಿಫಿಕ್ ಸಾಗರದಲ್ಲಿ ಅಮೆರಿಕ ತನ್ನ ನಿಯತ ವಿಮಾನ ಸಮೀಕ್ಷೆಯನ್ನು 1987ರಲ್ಲಿ ನಿಲ್ಲಿಸಿತು. ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿಗಳಲ್ಲಿ ಚಂಡಮಾರುತದೊಳಗೆ ನಿಯತವಾಗಿ ಹಾರುವ ವ್ಯವಸ್ಥೆ ಇಲ್ಲ. ಭಾರತ ಹವಾಮಾನ ಇಲಾಖೆ ಎಚ್‌ಡಬ್ಲ್ಯುಆರ್‌ಎಫ್ ಮಾದರಿಯನ್ನು ಇಲ್ಲಿನ ಸಮುದ್ರಗಳಿಗೆ ಹೊಂದಿಸಿ ಬಳಸುತ್ತ ಬಂದಿದೆ. ಪಥದ ಮುನ್ಸೂಚನೆಯಲ್ಲಿ ಇಲಾಖೆಯ ಸಾಧನೆಯೂ ಮೆಚ್ಚುವಂತಹುದು. ಒಳಭಾಗದ ಗಾಳಿ ಮಾತ್ರ, ಚಂಡಮಾರುತ ಚೆನ್ನೈ, ಮಚಲೀಪಟ್ಟಣ, ಕೊಚ್ಚಿ ಅಥವಾ ಗೋವಾದಂತಹ ಕರಾವಳಿಯ ಡಾಪ್ಲರ್ ರಾಡಾರುಗಳ ಕೈಗೆಟುಕುವಷ್ಟು ಸಮೀಪಿಸಿದ ಬಳಿಕವೇ ಕಾಣುತ್ತದೆ. 2017ರ ನವೆಂಬರ್ 29ರಂದು ವಾಯುಭಾರ ಕುಸಿತವಾಗಿದ್ದ ‘ಓಖಿ’ ಮರುದಿನವೇ ಚಂಡಮಾರುತವಾಯಿತು. ಅಷ್ಟರಲ್ಲಾಗಲೇ ಕಡಲಿಗಿಳಿದಿದ್ದ ಕೇರಳ ಮತ್ತು ತಮಿಳುನಾಡಿನ ನೂರಾರು ಮೀನುಗಾರರು ಸತ್ತರು ಅಥವಾ ಕಣ್ಮರೆಯಾದರು. 2021ರ ಮೇ ತಿಂಗಳಲ್ಲಿ ಲಕ್ಷದ್ವೀಪದ ಬಳಿ ಹುಟ್ಟಿದ ‘ತೌಕ್ತೆ’ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡದ ತೀರಗಳನ್ನು ಕೊರೆಯುತ್ತ ಉತ್ತರಕ್ಕೆ ಸಾಗಿ, ಮೂರ್ನಾಲ್ಕು ದಿನಗಳಲ್ಲಿ ಅತಿ ತೀವ್ರ ರೂಪ ತಾಳಿ ಗುಜರಾತನ್ನು ಸೇರಿತು.

ಇತ್ತ ಕರ್ಮಿಟ್ ಮತ್ತು ಮಿಸ್ ಪಿಗ್ಗಿ ವಿಮಾನಗಳಿಗೆ ಅರ್ಧ ಶತಮಾನದ ಪ್ರಾಯವಾಗಿದೆ. ಅವುಗಳ ಬದಲಿಗೆ ಸಿ-130ಜೆ ಜಾತಿಯ ಎರಡು ವಿಮಾನಗಳನ್ನು ಕೊಳ್ಳುವ ಒಪ್ಪಂದಕ್ಕೆ ನೋವಾ 2024ರಲ್ಲಿ ಸಹಿ ಹಾಕಿದ್ದು, ಅವು 2030ರ ಹೊತ್ತಿಗೆ ಸೇವೆಗೆ ಸೇರಬೇಕೆಂಬುದು ಯೋಜನೆ.